ಸಮುದ್ರಕ್ಕೆ ಬೆನ್ನು ಹಾಕಿ ಕೂತವಳು

ಇರ್ಮಾಳಿಗೆ ಕೊನೆಗೂ ಮೊದಲನೇ ಸಾಲು ಸಿಕ್ಕಿದ ಸುದ್ದಿ ನನಗೆ ಮುಟ್ಟಿದ್ದು ಫೆಬ್ರವರಿಯ ಒಂದು ಚಳಿ ಬೆಳಿಗ್ಗೆ. ಪಾರ್ಮಾದ ನನ್ನ ಅಂಗಡಿಯಲ್ಲಿ ಗಿರಾಕಿಯೊಬ್ಬಳಿಗೆ ಚೀಸ್ ಕತ್ತರಿಸುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

“ಮಿರೆಲ್ಲಾ, ಕೂತಿದೀಯೋ ನಿಂತಿದೀಯೋ?”

“ನಿಂತಿದೀನಿ ಕಣೆ. ಕೈಯಲ್ಲಿ ಚಾಕು ಇದೆ, ಎದುರಿಗೆ ಗಿರಾಕಿ ಇದಾರೆ.”

“ಚಾಕು ಕೆಳಗಿಡು. ನೋಟರಿ ಹೆಂಡ್ತಿ ಬಿಟ್ಟುಕೊಟ್ಲು!”

“ಅಯ್ಯೋ, ಹೋಗಿಬಿಟ್ರಾ ಪಾಪ?”

“ಥೂ, ಬಿಡ್ತು ಅನ್ನು. ಮಗ ಬೆಟ್ಟದ ಕಡೆ ಮನೆ ತಗೊಂಡಿದಾನಂತೆ, ಇನ್ಮೇಲೆ ಬೇಸಿಗೆಗೆ ಅಲ್ಲಿಗೇ ಹೋಗ್ತಾರಂತೆ. ಈಗ ತಾನೇ ಗ್ವೆರೀನೊ ಫೋನ್ ಮಾಡಿದ್ದ. ಮೊದಲನೇ ಸಾಲು, ಮಿರೆಲ್ಲಾ! ಮೊದಲನೇ ಸಾಲು!”

ಗಿರಾಕಿ ನನ್ನ ಮುಖ ನೋಡಿ, “ಯಾರಿಗಾದ್ರೂ ಮಗು ಆಯ್ತಾ?” ಎಂದು ಕೇಳಿದಳು. ಹೂಂ ಎಂದೆ. ಎಲ್ಲ ಬಿಡಿಸಿ ಹೇಳುತ್ತಾ ನಿಂತರೆ ಚೀಸ್ ಒಣಗಿ ಹೋಗುತ್ತಿತ್ತು.

ಸಮುದ್ರ ತೀರದ ಊರು ಇಜೆಯಾ ಮರೀನಾದಲ್ಲಿ ಗ್ವೆರೀನೊ ನೋಡಿಕೊಳ್ಳುವ ಬೀಚಿನಲ್ಲಿ ಮರಳಿಗೆ ನೆಟ್ಟ ಒಂದು ನೆರಳುಕೊಡೆಯನ್ನು ಬಾಡಿಗೆಗೆ ಹಿಡಿದೆವೆಂದರೆ ಅದು ಮನೆತನದ ಆಸ್ತಿ ಇದ್ದ ಹಾಗೆ. ಪ್ರತಿ ಆಗಸ್ಟಿಗೂ ಅದೇ ಸಾಲು, ಅದೇ ಕೊಡೆ, ಅದೇ ಅಕ್ಕಪಕ್ಕದವರು. ನೀರಿನ ಪಕ್ಕದ್ದು ಮೊದಲನೇ ಸಾಲು. ಮುಂದಿನವರು ಯಾರಾದರೂ ತೀರಿಕೊಂಡರೆ, ಇಲ್ಲವೇ ಮುನಿಸಿಕೊಂಡು ಬೇರೆ ಬೀಚಿಗೆ ಹೋದರೆ, ಹಿಂದೆ ಹೆಸರು ಬರೆಸಿ ಕಾದವರಿಗೆ ಆ ಜಾಗ ಸಿಗುತ್ತದೆ. ಇರ್ಮಾ ಮೊದಲ ಸಲ ಬಂದಾಗ ಅವಳ ಮಗಳು ಪತ್ರೀಜಿಯಾ ತಳ್ಳುಗಾಡಿಯಲ್ಲಿ ಮಲಗುವ ಕೂಸು. ಆಗ ಸಿಕ್ಕಿದ್ದು ಕಟ್ಟಕಡೆಯ ಸಾಲು, ಕಾಲು ತೊಳೆಯುವ ನಲ್ಲಿಯ ಪಕ್ಕ. ಅಲ್ಲಿಂದ ಮೂರನೇ ಸಾಲಿಗೆ ಬರುವ ಹೊತ್ತಿಗೆ ಪತ್ರೀಜಿಯಾ ಮದುವೆಗೆ ಬಂದಿದ್ದಳು.

ವರ್ಷದ ಉಳಿದ ತಿಂಗಳೆಲ್ಲ ಇರ್ಮಾ ಇರುವುದು ಕಾರ್ಪಿ ಊರಿನಲ್ಲಿ. ಅಡುಗೆಮನೆ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಹಾಕಿಕೊಂಡು ಫ್ಯಾಕ್ಟರಿಯವರ ಸ್ವೆಟರುಗಳಿಗೆ ಕಾಲರ್ ಹೊಲಿದು ಮಗಳನ್ನು ಓದಿಸಿದವಳು. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರುಮನೆಯ ಗೋಡೆ ಒಂದೇ. “ಗೋಡೆ ನೋಡಿ ನೋಡಿ ನನ್ನ ಕಣ್ಣಿಗೇ ಸುಣ್ಣ ಹೊಡೆದ ಹಾಗಾಗಿದೆ. ಇಲ್ಲಿಗೆ ಬಂದ್ರೆ ಮುಂದಿನ ಸಾಲಿನವರ ಬೋಳುತಲೆ, ಅವರ ಮುಂದಿನವರ ಟೋಪಿ. ಸಾಯೋದ್ರೊಳಗೆ ಒಂದ್ಸಲ ಮುಂದೆ ಯಾರ ತಲೆನೂ ಅಡ್ಡ ಇಲ್ದೆ ಸಮುದ್ರ ನೋಡ್ಬೇಕು” ಎನ್ನುವುದು ಅವಳ ಪಲ್ಲವಿ. ಗಂಡ ಒರೆಸ್ತೆ ಲಾರಿ ಮೆಕ್ಯಾನಿಕ್. ತಾಳ್ಮೆಯ ಮನುಷ್ಯ. ಕಬ್ಬಿಣದ ಗುಂಡೆಸೆಯುವ ಆಟ ಒಂದು ಸಿಕ್ಕರೆ ಸಮುದ್ರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. “ಮುಂದೆ ಏನಿದೆ ಮಾರಾಯ್ತಿ? ಅದೇ ನೀರು” ಎಂದು ನಗುತ್ತಿದ್ದ.

ಒರೆಸ್ತೆ ಒಂದು ಚಳಿಗಾಲದಲ್ಲಿ ತೀರಿಕೊಂಡ. ಮುಂದಿನ ಆಗಸ್ಟಿಗೆ ಇರ್ಮಾ ಬರುತ್ತಾಳೋ ಇಲ್ಲವೋ ಎಂದು ಮೂರನೇ ಸಾಲಿನವರೆಲ್ಲ ಕಾದಿದ್ದೆವು. ಗಂಡನ ಬಿಳಿ ಟೋಪಿಯನ್ನು ತಲೆಗೆ ಹಾಕಿಕೊಂಡು ಬಂದಳು. ಪಕ್ಕದ ಕೊಡೆಯ ಎಜೀಸ್ತೊ, ಮಾಂತೊವಾದ ನಿವೃತ್ತ ಪೋಸ್ಟ್‌ಮ್ಯಾನ್, ಬಾಯಿ ತೆರೆದರೆ ಕುಚೋದ್ಯವೇ ಹೊರಡುವ ಆಸಾಮಿ. ಅವತ್ತು ಅವನು ಇಸ್ಪೀಟು ಕಲಸಿದ, ಅವಳ ಮುಂದೆ ಎಲೆ ಹಾಕಿದ, “ನಿನ್ನ ಸರದಿ” ಎಂದ. ಅವಳು ಎಲೆ ಎತ್ತಿಕೊಂಡಳು. ನಮ್ಮ ಸಾಲಿನಲ್ಲಿ ಸಾಂತ್ವನ ಅಂದರೆ ಅಷ್ಟೇ.

ನಮ್ಮ ಇಸ್ಪೀಟಿನ ಹೊತ್ತು ಮಧ್ಯಾಹ್ನದ ಊಟ ಆದ ಮೇಲೆ. ಉಂಡ ಮೇಲೆ ಮೂರು ಗಂಟೆ ಮಕ್ಕಳು ನೀರಿಗಿಳಿಯಬಾರದು ಎನ್ನುವುದು ನಮ್ಮ ಕಡೆಯ ಕಾನೂನು. ಹೊಟ್ಟೆಯಲ್ಲಿ ಅನ್ನ ಇಟ್ಟುಕೊಂಡು ನೀರಿಗಿಳಿದರೆ ಕಥೆ ಮುಗಿಯಿತು ಎಂದು ನಮ್ಮಮ್ಮ ಹೇಳುತ್ತಿದ್ದಳು, ಅವಳಿಗೆ ಅವಳಮ್ಮ. ಈಗಿನ ಡಾಕ್ಟರುಗಳು ಅದೆಲ್ಲ ಸುಳ್ಳು ಎನ್ನುತ್ತಾರಂತೆ. ಇರ್ಮಾಳ ಮುಂದೆ ಬಂದು ಹೇಳಲಿ ನೋಡೋಣ. ಆ ಮೂರು ಗಂಟೆ ಇಡೀ ಸಾಲಿನ ಮಕ್ಕಳಿಗೆ ಅವಳೇ ಪೊಲೀಸು. “ಏಯ್, ಕಾಲು ಎತ್ತು ನೀರಿಂದ! ಒದ್ದೆ ಕಾಲು ಕಾಣಿಸ್ತಿದೆ ನನಗೆ!” ಮಕ್ಕಳು ಗೊಣಗುತ್ತಾ ಬಂದು, ತಮ್ಮಲ್ಲೇ ಒಬ್ಬರ ಕಾಲು ಹಿಡಿದು ಮರಳಿನ ಮೇಲೆ ದರದರ ಎಳೆದು, ಆ ಗೀರಿನಲ್ಲಿ ಗೋಲಿ ಓಡಿಸುತ್ತಿದ್ದರು. ನಾವು ದೊಡ್ಡವರು ಬ್ರಿಸ್ಕೊಲಾ ಆಡುತ್ತಿದ್ದೆವು. ನಾನೂ ಇರ್ಮಾಳೂ ಎದುರುಬದುರು ಕೂತು ಒಂದು ಜೋಡಿ, ಎಜೀಸ್ತೊ ಮತ್ತು ನನ್ನ ಗಂಡ ದೀನೊ ಇನ್ನೊಂದು. ಈ ಆಟದಲ್ಲಿ ಜೋಡಿಗೆ ಸನ್ನೆ ಮಾಡುವುದಕ್ಕೆ ಅಡ್ಡಿಯಿಲ್ಲ, ಎದುರಾಳಿ ಕಣ್ಣಿಗೆ ಬೀಳದಿದ್ದರೆ ಆಯಿತು. ಕೈಯಲ್ಲಿ ಎಕ್ಕ ಇದ್ದರೆ ತುಟಿ ಬಿಗಿಯಬೇಕು, ಎಕ್ಕ ಬಿಟ್ಟರೆ ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಮೂರು ಇದ್ದರೆ ಬಾಯಿ ಸೊಟ್ಟ ಮಾಡಬೇಕು, ರಾಜನಿದ್ದರೆ ಕಣ್ಣು ಮೇಲೆತ್ತಬೇಕು. ಇರ್ಮಾ ಸೊಟ್ಟ ಬಾಯಿ ಮಾಡಿದಷ್ಟು ಚೆನ್ನಾಗಿ ಯಾರೂ ಮಾಡಲಾರರು.

ಇಂಥ ಇರ್ಮಾ ಆ ಫೋನ್ ಬಂದ ವರ್ಷದ ಆಗಸ್ಟಿನಲ್ಲಿ ಮಗಳು, ಅಳಿಯ, ಮೊಮ್ಮಗಳ ಜೊತೆ ಮೆರವಣಿಗೆ ಹೊರಟ ಹಾಗೆ ನಮ್ಮನ್ನು ದಾಟಿ ಮೊದಲನೇ ಸಾಲಿಗೆ ಹೋದಳು. ಆ ದಿನಕ್ಕೆಂದೇ ಹೊಸ ಹೂವಿನ ಚಿತ್ರದ ಅಂಗಿ ಹೊಲಿದುಕೊಂಡಿದ್ದಳು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅಷ್ಟು ವರ್ಷದ ಜೋಡಿಯನ್ನು ಬಿಟ್ಟು ನಗುತ್ತಾ ಹೋಗುತ್ತಾಳಲ್ಲ ಎಂದು.

“ನಮಸ್ಕಾರ ಸಾಹುಕಾರ್ತಿ ಅಮ್ಮನವ್ರಿಗೆ,” ಎಂದು ಎಜೀಸ್ತೊ ಟೋಪಿ ತೆಗೆದು ಬಗ್ಗಿದ. “ನಮ್ಮ ಬಡವರ ಕೇರಿ ಕಡೆ ಆಗಾಗ ಬರ್ತಿರಿ. ಹಳೇ ಬಟ್ಟೆ ಇದ್ರೆ ಕೊಟ್ಟು ಹೋಗಿ.”

“ಉರ್ಕೋ, ಚೆನ್ನಾಗಿ ಉರ್ಕೋ.”

“ನಾನ್ಯಾಕೆ ಉರ್ಕೊಳ್ಳಲಿ? ಇನ್ನೊಂದು ವಾರ ನೋಡ್ತಿರು, ನೀನಾಗೇ ಚಾಪೆ ಸುತ್ಕೊಂಡು ವಾಪಸ್ ಬರ್ತೀಯ.”

ಇರ್ಮಾ ನಿಂತಳು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ. “ಕೇಳಿಸ್ಕೋ ಎಜೀಸ್ತೊ, ನೀವೂ ಎಲ್ಲಾ ಕೇಳಿಸ್ಕೊಳಿ. ಮೂರನೇ ಸಾಲಿಗೆ ನಾನು ವಾಪಸ್ ಬಂದ್ರೆ ಹೆಣವಾಗಿ ಬರ್ತೀನಿ.”

“ಹೆಣಕ್ಕೆ ಕೊಡೆ ಯಾಕೆ, ದಂಡ” ಎಂದ ಎಜೀಸ್ತೊ. ಎಲ್ಲರೂ ನಕ್ಕರು. ಇರ್ಮಾ ನಗಲಿಲ್ಲ.

ಅವಳ ಹಳೆಯ ಕೊಡೆಗೆ ಬೆರ್ಗಾಮೊದಿಂದ ಹೊಸಬರು ಬಂದರು. ಗಂಡ ಇವಾನ್, ಹೆಂಡತಿ ದೆಬೊರಾ, ಆಗಷ್ಟೇ ಎರಡು ವರ್ಷ ದಾಟಿದ ಮಗಳು ವಿಯೋಲಾ. ಒಳ್ಳೆಯ ಜನ. ಆದರೆ ದೆಬೊರಾಗೆ ನೀರೆಂದರೆ ಪ್ರಾಣಭಯ. ಮಗು ಸಮುದ್ರದ ಕಡೆ ಮುಖ ಮಾಡಿದರೆ ಸಾಕು, ಓಡಿ ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಪಾಪದ ಕೂಸು ಬಣ್ಣದ ಬಕೆಟ್ ಹಿಡಿದುಕೊಂಡು ಒಣ ಮರಳಲ್ಲೇ ಕೂತಿರುತ್ತಿತ್ತು. ಇವಾನನನ್ನು ಇಸ್ಪೀಟಿಗೆ ನಾಲ್ಕನೆಯವನನ್ನಾಗಿ ಕೂರಿಸಿಕೊಂಡೆವು. ಇರ್ಮಾಳ ಕುರ್ಚಿಯಲ್ಲೇ, ನನ್ನ ಎದುರಿಗೆ, ಸಮುದ್ರಕ್ಕೆ ಬೆನ್ನು ಹಾಕಿ. ಸೌಮ್ಯ ಸ್ವಭಾವದ ಹುಡುಗ. ಆದರೆ ನಾನು ಬಾಯಿ ಸೊಟ್ಟ ಮಾಡಿದರೆ, “ಹಲ್ಲು ನೋವಾ ಸಿಞೋರಾ?” ಎಂದು ಕೇಳುತ್ತಿದ್ದ.

ಮೊದಲ ದಿನ ಇರ್ಮಾ ಮುಂದೆ ಯಾರ ತಲೆಯೂ ಅಡ್ಡವಿಲ್ಲದೆ ಸಮುದ್ರ ನೋಡಿದಳು. ಎರಡನೆಯ ದಿನವೂ ನೋಡಿದಳು. ಊಟ ಆದ ಮೇಲೆ ಮಗಳು, ಅಳಿಯ, ಮೊಮ್ಮಗಳು ಬೀಚಿನ ಕಾಫಿ ಅಂಗಡಿಗೆ ಹೋಗಿಬಿಡುತ್ತಿದ್ದರು, ಕೊಡೆಯಡಿ ಉಳಿಯುತ್ತಿದ್ದದ್ದು ಅವಳೊಬ್ಬಳೇ. ಮೊದಲನೇ ಸಾಲಿನಲ್ಲಿ ಅವಳ ಒಂದು ಪಕ್ಕಕ್ಕೆ ಮಿಲಾನೊದ ವಕೀಲ ದಂಪತಿ. ಬೆಳಿಗ್ಗೆ ಒಮ್ಮೆ ತಲೆಯಾಡಿಸಿದರೆ ಸಂಜೆವರೆಗೆ ಮಾತಿಲ್ಲ, ಇಬ್ಬರ ಕೈಯಲ್ಲೂ ಪುಸ್ತಕ. ಇನ್ನೊಂದು ಪಕ್ಕಕ್ಕೆ ಕಿವಿಗೆ ತಂತಿ ಸಿಕ್ಕಿಸಿಕೊಂಡ ಒಬ್ಬ. ಮುಂದೆ ನೀರಿನ ಅಂಚಿನಲ್ಲಿ ನಡೆಯುತ್ತಾ ಹೋಗುವವರ ಸಾಲು, ಅವರು ಹಾರಿಸುವ ಮರಳು. ಚೆಂಡು ಬಂದು ಕಾಲಿಗೆ ಬಡಿಯುತ್ತಿತ್ತು. ಇರ್ಮಾ ಪೀಚ್ ಹಣ್ಣು ಹೆಚ್ಚಿ ವಕೀಲನ ಹೆಂಡತಿಗೆ ಕೊಡಲು ಹೋದಳಂತೆ. ಆಕೆ ಥ್ಯಾಂಕ್ಸ್ ಹೇಳಿ ಬೇಡವೆಂದಳಂತೆ. ನಮ್ಮ ಸಾಲಿನಲ್ಲಿ ಕೊಟ್ಟ ಪೀಚನ್ನು ಬೇಡ ಎಂದವರು ಆಸ್ಪತ್ರೆಯಲ್ಲಿರಬೇಕು, ಇಲ್ಲ ಜಗಳವಾಡಿರಬೇಕು.

ಮೂರನೆಯ ಮಧ್ಯಾಹ್ನ ಅವಳು ನಿಧಾನಕ್ಕೆ ನಮ್ಮ ಕಡೆ ಬಂದಳು. ಕೈಯಲ್ಲಿ ಆ ಪೀಚಿನ ಡಬ್ಬಿ.

“ಬಂದ್ರಪ್ಪಾ ಸಾಹುಕಾರ್ತಿ!” ಎಂದ ಎಜೀಸ್ತೊ. “ವಾರನೂ ಆಗಿಲ್ಲ. ಬಡವರಿಗೆ ಭಿಕ್ಷೆ ತಂದ್ರಾ, ಇಲ್ಲ ನೀವೇ ಭಿಕ್ಷೆಗೆ ಬಂದ್ರಾ?”

ಅವನು ತಮಾಷೆಗೆ ಹೇಳಿದ್ದು. ಅವಳನ್ನು ಕಂಡು ಅವನ ಮುಖ ಅರಳಿದ್ದನ್ನು ನಾನು ನೋಡಿದ್ದೆ. ಆದರೆ ಇರ್ಮಾಳ ಮುಖ ಕೆಂಪಾಯಿತು. ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, “ಜಾಸ್ತಿ ಆಗಿತ್ತು, ಅದಕ್ಕೆ ತಂದೆ” ಎಂದು ತಿರುಗಿ ಹೋದಳು. ಆಮೇಲೆ ಬರಲಿಲ್ಲ. ನಾನೇ ಹೋಗಿ ಕರೆದೆ. “ಇಲ್ಲೇ ಚೆನ್ನಾಗಿದೆ ಕಣೆ, ಗಾಳಿ ನೋಡು ಹೇಗಿದೆ” ಎಂದಳು. ಗಾಳಿಗೆ ಅವಳ ಟೋಪಿ ಹಾರಿ ಹೋಗುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ.

ಅವಳ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಪತ್ರೀಜಿಯಾ ಅಮ್ಮನ ಆಸೆ ತೀರಲೆಂದು ಬೇರೆ ಕಡೆ ಹೋಗುವ ಪ್ರವಾಸ ಬಿಟ್ಟು, ಗಂಡನನ್ನು ಒಪ್ಪಿಸಿ ಆ ಕೊಡೆ ಹಿಡಿಸಿದ್ದಳು. ಮಗಳ ಮುಂದೆ ಬೇಡವೆನ್ನುವ ಹಾಗಿಲ್ಲ. ನಮ್ಮ ಮುಂದೆ ಹೆಣದ ಮಾತಾಡಿ ಆಗಿದೆ. ಅವಳಿಗೆ ಅದು ಬಿಸಿ ತುಪ್ಪವಾಗಿತ್ತು, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಮತ್ತೆ ನಮ್ಮ ಜೊತೆ ಕೂರಬೇಕೆಂದರೆ ಸೋತೆ ಎಂದು ಬಾಯಿಬಿಟ್ಟು ಹೇಳಬೇಕು. ಸೋತೆ ಎನ್ನುವುದು ಆ ಹೆಂಗಸಿನ ನಾಲಿಗೆಗೆ ಹೊರಳುವ ಮಾತಲ್ಲ.

ಅದಾದ ಮಾರನೆಯ ಮಧ್ಯಾಹ್ನ ಅವಳು ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು ಕೂತಳು. ಸಮುದ್ರಕ್ಕೆ ಬೆನ್ನು, ನಮ್ಮ ಕಡೆ ಮುಖ.

ಬಿಸಿಲು ಕಾಯಿಸಿಕೊಳ್ಳುವವರು ಮಧ್ಯಾಹ್ನದ ಮೇಲೆ ಹಾಗೆ ತಿರುಗಿ ಮಲಗುವುದುಂಟು. ನಮ್ಮ ತೀರದಲ್ಲಿ ಆ ಹೊತ್ತಿಗೆ ಸೂರ್ಯ ಊರಿನ ಕಡೆ ಇರುತ್ತಾನೆ. ಆದರೆ ಅವರು ಕಣ್ಣು ಮುಚ್ಚಿಕೊಂಡು ಮಲಗುತ್ತಾರೆ. ಇರ್ಮಾ ಬೆನ್ನು ನೆಟ್ಟಗೆ ಮಾಡಿ, ಒರೆಸ್ತೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ಗ್ವೆರೀನೊ ಆ ದಾರಿಯಲ್ಲಿ ಹೋಗುತ್ತಾ ನಿಂತ.

“ಏನ್ ಇರ್ಮಾ ಅವ್ರೇ, ಜನ ಮೊದಲನೇ ಸಾಲಿಗೆ ನನ್ನ ಕಾಲು ಹಿಡೀತಾರೆ, ನೀವು ನೋಡಿದ್ರೆ ಸಮುದ್ರಕ್ಕೇ ಬೆನ್ನು ತಿರುಗ್ಸಿದೀರಿ?”

“ಸೊಂಟ ನೋವಪ್ಪ. ಬೆನ್ನಿಗೆ ಸಮುದ್ರದ ಗಾಳಿ ಬಡಿದ್ರೆ ಒಳ್ಳೇದಂತೆ, ಡಾಕ್ಟ್ರು ಹೇಳಿದಾರೆ.”

“ಯಾವ ಡಾಕ್ಟ್ರು?”

“ನಿನಗ್ಯಾಕೆ? ನಿನ್ನ ಕೊಡೆ ನೀನು ನೋಡ್ಕೋ.”

ನಮ್ಮ ನಡುವೆ ಇದ್ದ ಎರಡನೇ ಸಾಲಿನವರು ಊಟಕ್ಕೆ ಹೋಟೆಲಿಗೆ ಹೋಗಿ ಅಲ್ಲೇ ನಿದ್ದೆ ಮಾಡಿ ಬರುವವರು. ಹಾಗಾಗಿ ಇಸ್ಪೀಟಿನ ಹೊತ್ತಿಗೆ ಇರ್ಮಾಳ ಮುಖ ನನಗೆ ನೇರ ಕಾಣುತ್ತಿತ್ತು, ಇವಾನನ ತಲೆಯ ಮೇಲುಗಡೆ. ಅವತ್ತು ಎಜೀಸ್ತೊ ಎಲೆ ಹಾಕಿದ. ನಾನು ಏನು ಇಳಿಸಲಿ ಎಂದು ಯೋಚಿಸುತ್ತಾ ತಲೆ ಎತ್ತಿದೆ. ಮೊದಲನೇ ಸಾಲಿನಲ್ಲಿ ಇರ್ಮಾಳ ಬಾಯಿ ಕಿವಿಯ ತನಕ ಸೊಟ್ಟಗಾಗಿತ್ತು.

ಮೊದಲು ಗಾಬರಿಯಾಯಿತು, ಪಾರ್ಶ್ವವಾಯು ಏನಾದರೂ ಬಡಿಯಿತೋ ಎಂದು. ಆಮೇಲೆ ಹೊಳೆಯಿತು. ಇವಾನ್ ಎಲೆಗಳನ್ನು ಬೀಸಣಿಗೆಯ ಹಾಗೆ ಬಿಚ್ಚಿ ಹಿಡಿದಿದ್ದ. ಅವನ ಭುಜದ ಮೇಲಿಂದ ಇರ್ಮಾಳಿಗೆ ಎಲ್ಲವೂ ಕಾಣುತ್ತಿದೆ. ನನ್ನ ಜೋಡಿಯ ಕೈಯಲ್ಲಿ ಮೂರು ಇದೆ ಎಂದು ಅವನಿಗೆ ಹೇಳಲು ಬಾರದ್ದನ್ನು ಅವಳು ಅಲ್ಲಿಂದ ಹೇಳುತ್ತಿದ್ದಾಳೆ! ನಾನು ಸಣ್ಣ ಎಲೆ ಇಳಿಸಿದೆ, ಇವಾನ್ ಮೂರು ಹಾಕಿ ಕೈ ಗೆದ್ದ. ಮುಂದಿನ ಸಲ ಇರ್ಮಾ ಕಣ್ಣನ್ನು ಆಕಾಶಕ್ಕೆ ಎತ್ತಿದಳು, ರಾಜ. ಆ ಮಧ್ಯಾಹ್ನ ನಾವು ಸೋಲಲೇ ಇಲ್ಲ.

“ಬೆರ್ಗಾಮೊದವನಿಗೆ ರಾತ್ರೋರಾತ್ರಿ ಬುದ್ಧಿ ಬಂತಾ?” ಎಂದು ಎಜೀಸ್ತೊ ಹಲ್ಲು ಕಡಿದ. ಇವಾನನಿಗೆ ತಾನೇ ಗೆದ್ದೆನೆಂಬ ಹೆಮ್ಮೆ. ದೀನೊನ ಮೀಸೆಯಡಿ ನಗು ಇತ್ತು. ನನ್ನ ಸಿಟ್ಟೆಲ್ಲ ಅವತ್ತೇ ಇಳಿದು ಹೋಯಿತು. ಆಟದ ನಡುವೆ ತಲೆ ಎತ್ತಿದಾಗಲೆಲ್ಲ ಅವಳು ಅಲ್ಲಿರುತ್ತಿದ್ದಳು. ನನಗೆ ಖುಷಿಯಾಗುತ್ತಿತ್ತು, ಹಾಗೇ ಸಂಕಟವೂ ಆಗುತ್ತಿತ್ತು. ಎಲೆ ಎಸೆಯುವ ಸದ್ದಿಗೆ, ನಮ್ಮ ಕಿತ್ತಾಟಕ್ಕೆ ಅಷ್ಟು ದೂರದಿಂದ ಕಿವಿಗೊಟ್ಟು ಕೂತವಳನ್ನು ನೋಡಿ ಯಾರಿಗೆ ತಾನೇ ಸಂಕಟವಾಗದು?

ಎಜೀಸ್ತೊನನ್ನು ಪಕ್ಕಕ್ಕೆ ಕರೆದು ಹೇಳಿದೆ. “ಹೋಗಿ ಕರಿಯೋ. ನೀನು ಕರೆದ್ರೆ ಬರ್ತಾಳೆ.”

“ನಾನ್ಯಾಕೆ ಕರೀಲಿ? ನಾನು ಓಡಿಸಿದ್ನಾ?”

“ಅವಳು ಇಲ್ದೆ ನಿನಗೆ ಆಟ ರುಚಿಸ್ತಿದೆಯಾ?”

“ನನಗೇನು ಕಮ್ಮಿ, ಚೆನ್ನಾಗೇ ಇದೀನಿ” ಎಂದು ಎಜೀಸ್ತೊ ಸಮುದ್ರದ ಕಡೆ ನೋಡಿದ. ಒಬ್ಬಳಿಗಿಂತ ಒಬ್ಬ. ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಬೇಕು ಎನಿಸಿತು.

ಆಗಸ್ಟ್ ನಡುವಿನ ಹಬ್ಬ ಹತ್ತಿರ ಬಂತು. ಬೀಚು ತುಂಬಿ ತುಳುಕುತ್ತಿತ್ತು. ಹಬ್ಬದ ಹಿಂದಿನ ಮಧ್ಯಾಹ್ನ ನಾವು ಊಟಕ್ಕೆ ತಂದಿದ್ದ ತಣ್ಣನೆಯ ಅನ್ನದ ಸಲಾಡು ಮುಗಿಸಿ, ಡಬ್ಬಿ ಒರೆಸಿಟ್ಟು ಇಸ್ಪೀಟಿಗೆ ಕೂತಿದ್ದೆವು. ವಿಯೋಲಾ ಕೊಡೆಯ ನೆರಳಲ್ಲಿ ಟವೆಲ್ ಹೊದ್ದು ಮಲಗಿತ್ತು. “ಒಂದು ನಿಮಿಷ ನೋಡ್ಕೊಳ್ರೀ, ಕಾಫಿ ಕುಡಿದು ಬರ್ತೀನಿ” ಎಂದು ದೆಬೊರಾ ಗಂಡನಿಗೆ ಹೇಳಿ ಹೋದಳು. ಇವಾನ್ ಹೂಂ ಎಂದ. ಅವನ ಕೈಯಲ್ಲಿ ಎಕ್ಕ ಬಂದಿತ್ತು. ಅದು ನನಗೆ ಹೇಗೆ ಗೊತ್ತು ಎಂದರೆ, ಮೊದಲನೇ ಸಾಲಿನಲ್ಲಿ ಇರ್ಮಾ ತುಟಿ ಬಿಗಿದಿದ್ದಳು.

ಆ ಆಟ ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಬಂದ ದೆಬೊರಾ ಕಿರುಚಿದ್ದು ಕೇಳಿಸಿತು. “ಮಗು ಎಲ್ಲಿ? ಇವಾನ್, ಮಗು ಎಲ್ಲಿ!”

ಟವೆಲ್ ಇತ್ತು. ಮಗು ಇರಲಿಲ್ಲ. ಬಕೆಟ್ ಕೂಡ ಇರಲಿಲ್ಲ.

ಬಕೆಟ್ ಹಿಡಿದ ಮಗು ಎಲ್ಲಿಗೆ ಹೋಗುತ್ತದೆ? ದೆಬೊರಾ ನೀರಿನ ಕಡೆ ಓಡಿದಳು, ಅವಳ ಹಿಂದೆ ಇವಾನ್, ಅವನ ಹಿಂದೆ ಎಜೀಸ್ತೊ, ದೀನೊ, ನಾನು. ನಮ್ಮನ್ನು ನೋಡಿ ಅಕ್ಕಪಕ್ಕದ ಸಾಲಿನವರೂ ಎದ್ದರು. ವಕೀಲನೂ ಪುಸ್ತಕ ಬಿಸಾಕಿ ಓಡಿದ. ಗ್ವೆರೀನೊ ಸೀಟಿ ಊದುತ್ತಾ ದೋಣಿಗೆ ಕೈಹಾಕಿದ. ಆ ಜನದ ಹೊಳೆಗೆ ಎದುರಾಗಿ, ನಮ್ಮನ್ನೆಲ್ಲ ಮೊಣಕೈಯಿಂದ ಸರಿಸುತ್ತಾ, ಒಬ್ಬಳು ಮಾತ್ರ ಊರಿನ ಕಡೆ ನುಗ್ಗುತ್ತಿದ್ದಳು. ಇರ್ಮಾ. ಕಾಲಿಗೆ ಚಪ್ಪಲಿಯಿಲ್ಲ, ಕಾದ ಮರಳು, ಅವಳ ಮಂಡಿಯೂ ಅಷ್ಟಕ್ಕಷ್ಟೇ.

“ಆ ಕಡೆ ಅಲ್ಲ! ಈ ಕಡೆ ಕಣ್ರೋ, ಈ ಕಡೆ!” ಎಂದು ಅವಳು ಕೂಗುತ್ತಿದ್ದಳು. ಆ ಗದ್ದಲದಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ? ನಾನು ಕೇಳಿಸಿಕೊಂಡೆ. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇವಳು ಕಂಡಿದ್ದಾಳೆ. ದೆಬೊರಾಳ ಕೈ ಹಿಡಿದು ಎಳೆದುಕೊಂಡು ಅವಳ ಹಿಂದೆ ಓಡಿದೆ.

ಕಟ್ಟಕಡೆಯ ಸಾಲಿನ ಆಚೆ, ಕಾಲು ತೊಳೆಯುವ ನಲ್ಲಿಯ ಕೆಳಗೆ ವಿಯೋಲಾ ಕುಕ್ಕರಗಾಲಲ್ಲಿ ಕೂತಿತ್ತು. ಸಮುದ್ರದ ಹತ್ತಿರ ಬಿಡದಿದ್ದರೆ ನೀರು ಬೇರೆ ಎಲ್ಲಿ ಸಿಗುತ್ತದೆ ಎಂದು ಆ ಪುಟ್ಟ ತಲೆ ಲೆಕ್ಕ ಹಾಕಿತ್ತು. ತೊಟ್ಟಿಕ್ಕುವ ಹನಿಗೆ ಬಕೆಟ್ ಹಿಡಿದು, ತುಂಬುವುದನ್ನೇ ನೋಡುತ್ತಿತ್ತು. ಇರ್ಮಾ ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತುಬಿಟ್ಟಿದ್ದಳು.

“ನೀನು ನಿಧಾನಕ್ಕೆ ತುಂಬಿಸ್ಕೋ ಪುಟ್ಟಿ,” ಎನ್ನುತ್ತಿದ್ದಳು. “ಆದ್ರೆ ಕಾಲು ಒದ್ದೆ ಮಾಡ್ಕೋಬೇಡ, ಈಗ ತಾನೇ ಊಟ ಆಗಿದೆ.”

ದೆಬೊರಾ ಮಗುವನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ಇರ್ಮಾಳನ್ನು ತಬ್ಬಿಕೊಂಡು ಅತ್ತಳು. ಸುದ್ದಿ ನೀರಿನವರೆಗೂ ಹೋಗಿ ಎಲ್ಲರೂ ವಾಪಸು ಬಂದರು. ಯಾರೋ ಚಪ್ಪಾಳೆ ಹೊಡೆದರು. ನಾವೆಲ್ಲ ಇರ್ಮಾಳನ್ನು ನಡುವೆ ಹಾಕಿಕೊಂಡು ನಮ್ಮ ಸಾಲಿಗೆ ಬಂದೆವು. ಅಂಗಾಲು ಸುಟ್ಟು ಅವಳಿಗೆ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ, ನನ್ನ ಭುಜ ಹಿಡಿದಿದ್ದಳು. ಗಲಾಟೆ ಕೇಳಿ ಪತ್ರೀಜಿಯಾ ಕೂಡ ಬಂದು ನಿಂತಿದ್ದಳು.

ಆಗ ಎಜೀಸ್ತೊ ಬಾಯಿಬಿಟ್ಟ. “ಅಲ್ಲಾ ಇರ್ಮಾ, ಪಕ್ಕದಲ್ಲೇ ಕೂತ ನಮಗೆ ಕಾಣದ ಮಗು ನಿನಗೆ ಹೆಂಗೆ ಕಾಣ್ತು?”

“ಈ ಕಡೆ ನೋಡ್ತಿದ್ದೆ. ಕೊಡೆಗಳ ಸಂದಿಯಲ್ಲಿ ಬಕೆಟ್ ಹೋಗೋದು ಕಾಣ್ತು.”

“ಅದೇ ಕೇಳ್ತಿರೋದು. ಇಡೀ ಬೀಚು ಸಮುದ್ರ ನೋಡುತ್ತೆ. ಈ ಕಡೆ ಏನಿದೆ ನೀನು ನೋಡೋಕೆ?”

ಇದರಲ್ಲಿ ಕುಚೋದ್ಯವಿರಲಿಲ್ಲ, ಅವನು ನಿಜವಾಗಿಯೂ ಕೇಳಿದ. ಇರ್ಮಾಳ ಬಾಯಿ ‘ಸೊಂ’ ಎನ್ನುವವರೆಗೆ ತೆರೆದದ್ದನ್ನು ನಾನು ಕಂಡೆ. ಸೊಂಟ, ಡಾಕ್ಟರು, ಸಮುದ್ರದ ಗಾಳಿ, ಎಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳು ಎಜೀಸ್ತೊನನ್ನು ನೋಡಿದಳು, ದೀನೊನನ್ನು ನೋಡಿದಳು, ಮರಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಎಲೆಗಳನ್ನು ನೋಡಿದಳು.

“ನಿಮ್ಮನ್ನ ಕಣೋ” ಎಂದಳು. “ಇನ್ನೇನು ನೋಡ್ಲಿ? ಆ ನೀರು ಎರಡೇ ದಿನಕ್ಕೆ ಸಾಕಾಯ್ತು. ನೀವು ಇಲ್ಲಿ ನಗ್ತಿದ್ರೆ ನಾನು ಅಲ್ಲಿ ಕೂತು ಏನಕ್ಕ್ ನಗ್ತಿದಾರೆ ಅಂತ ಯೋಚ್ನೆ ಮಾಡ್ತೀನಿ. ಒಬ್ಳೇ ಕೂತು ಕೂತು ಅಳು ಬರುತ್ತೆ ನನಗೆ. ಆಯ್ತಾ? ಸೋತೆ. ಈಗ ನಗು.”

“ಅಮ್ಮಾ, ನನಗೆ ಮೊದಲೇ ಹೇಳಬಾರ್ದಿತ್ತಾ?” ಎಂದಳು ಪತ್ರೀಜಿಯಾ.

“ಹೇಗೆ ಹೇಳ್ಲೇ? ನೀನು ಅಷ್ಟು ಆಸೆಯಿಂದ ಮಾಡಿ ಕೊಟ್ಟಿದ್ದೆ.”

“ನಾನು ಮಾಡಿದ್ದು ನಿನಗೋಸ್ಕರ. ನನಗೂ ಅಲ್ಲಿ ಗಾಳಿಗೆ ದಿನಾ ತಲೆನೋವು, ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ!”

ಎಜೀಸ್ತೊ ಬಗ್ಗಿ ಎಲೆಗಳನ್ನು ಒಂದೊಂದಾಗಿ ಆಯ್ದ, ಮರಳು ಊದಿದ, ಕಲಸಿದ. ಅವನ ಕಣ್ಣಲ್ಲಿ ನೀರಿತ್ತು. ಮರಳು ಬಿತ್ತು ಎಂದು ಅವನು ಆಮೇಲೆ ವಾದಿಸಿದ, ಇರಲಿ. ಇವಾನ್ ಯಾರೂ ಹೇಳುವ ಮೊದಲೇ ಕುರ್ಚಿ ಬಿಟ್ಟು ಎದ್ದು ಮಗುವಿನ ಪಕ್ಕ ಹೋಗಿ ಕೂತ. ಇರ್ಮಾ ನಿಧಾನಕ್ಕೆ ತನ್ನ ಹಳೆಯ ಕುರ್ಚಿಯಲ್ಲಿ ಇಳಿದಳು. ಎಜೀಸ್ತೊ ಅವಳ ಮುಂದೆ ಎಲೆ ಹಾಕಿದ.

“ನಿನ್ನ ಸರದಿ” ಎಂದ.

ಅವಳು ಎಲೆ ಎತ್ತಿಕೊಂಡಳು. ಒಂದು ಸುತ್ತು ಆಗುವುದರೊಳಗೆ, “ಏಯ್, ಆ ಎಕ್ಕ ಎಲ್ಲಿಂದ ಬಂತು? ತೋಳೊಳಗಿಂದ ತಾನೇ?” ಎಂದು ಅವನ ಕೈ ಹಿಡಿದಿದ್ದಳು. ಅವನು ಬರೀ ಬನಿಯನ್ನಿನಲ್ಲಿದ್ದ, ತೋಳೇ ಇರಲಿಲ್ಲ. ಜಗಳ ಸಂಜೆ ಕಲ್ಲಂಗಡಿ ಹೆಚ್ಚುವವರೆಗೂ ನಡೆಯಿತು.

ಒಂದು ಸಾಲಿನ ಕುರ್ಚಿ ಇನ್ನೊಂದು ಸಾಲಿಗೆ ಹೋಗಬಾರದು ಎನ್ನುವುದು ಗ್ವೆರೀನೊನ ಕಟ್ಟುನಿಟ್ಟು. ಮಾರನೆಯ ದಿನ ಹಬ್ಬದ ಬೆಳಿಗ್ಗೆ ಅವನೇ ಇರ್ಮಾಳ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ದೆಬೊರಾಳ ಕೊಡೆಯ ಕೆಳಗೆ ಹಾಕಿದ. “ನಾನು ನೋಡಿಲ್ಲ, ಆಯ್ತಾ?” ಎಂದ. ಆ ದಿನದಿಂದ ವಿಯೋಲಾ ಇರ್ಮಾಳನ್ನು ನೊನ್ನಾ ಎನ್ನುತ್ತದೆ, ಅಂದರೆ ಅಜ್ಜಿ. ಊಟ ಆಗಿ ಸರಿಯಾಗಿ ಮೂರು ಗಂಟೆ ಕಳೆದ ಮೇಲೆ ಇರ್ಮಾ ಅದರ ಕೈ ಹಿಡಿದು, ದೆಬೊರಾಳನ್ನೂ ಎಳೆದುಕೊಂಡು, ಮೊಣಕಾಲುದ್ದ ನೀರಿಗೆ ಕರೆದುಕೊಂಡು ಹೋಗುತ್ತಾಳೆ. ಬಕೆಟ್ ತುಂಬಿಸಿಕೊಂಡು ಮೂವರೂ ಬರುತ್ತಾರೆ.

ಮೊದಲನೇ ಸಾಲಿನ ಕೊಡೆಯನ್ನು ಆ ಚಳಿಗಾಲದಲ್ಲಿ ಬಿಟ್ಟುಕೊಟ್ಟರು. ಅದನ್ನು ಹಿಡಿದವಳು ಏಳನೇ ಸಾಲಿನಲ್ಲಿ ಬಹಳ ವರ್ಷ ಕಾದ ಫೆರಾರಾದ ಹೆಂಗಸು. ಸಂತೋಷ ತಡೆಯಲಾರದೆ ಹೊಸ ಬೇಸಿಗೆಯ ಮೊದಲ ದಿನವೇ, ನಮ್ಮ ಸಾಲಿನಲ್ಲಿ ಇಸ್ಪೀಟಿಗೆ ಕೂತಿದ್ದ ಇರ್ಮಾಳ ಹತ್ತಿರ ಬಂದಳು.

“ಅಲ್ಲಿಂದ ಹೇಗೆ ಕಾಣುತ್ತೆ ಸಿಞೋರಾ? ನೀವು ಕೂತು ನೋಡಿದೀರಲ್ಲ?”

ಇರ್ಮಾ ಕೈಯಲ್ಲಿದ್ದ ಎಲೆಯಿಂದ ಕಣ್ಣು ತೆಗೆಯಲಿಲ್ಲ.

“ಚೆನ್ನಾಗಿ ಕಾಣುತ್ತಮ್ಮ. ಮುಂದೆ ಯಾರ ತಲೆನೂ ಅಡ್ಡ ಇಲ್ಲ. ಅದೊಂದೇ ತೊಂದ್ರೆ.”